ಕೋವಿಗೆ ತೋಟೆ ಏರದಿದ್ದರೆ ಏನು ಮಾಡಬೇಕು?



ಇವತ್ತು ನಾನು ಗೊಬ್ಬರದ ಮಾತು ಎತ್ತುವುದಿಲ್ಲ, ಕೀಟದ ಮಾತೂ ಇಲ್ಲ. ಕೊಡಗಿನಲ್ಲಿ ನಾಟಿ ಕೆಲಸ ಮುಗಿಯುತ್ತ ಬಂತು. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬ. ಬೇಸಾಯದ ತಿಂಗಳುಗಳಲ್ಲಿ ದೇವರ ಕೋಣೆಯಲ್ಲಿ ಇಟ್ಟಿದ್ದ ಕೋವಿಯನ್ನು ಹೊರಗೆ ತೆಗೆದು, ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜೆ ಮಾಡುವ ದಿನ ಅದು. ಪೂಜೆಯಾದ ಮೇಲೆ ಮಂದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ಉಂಟು. ಆ ಹೊತ್ತಿಗೆ ಎಷ್ಟೋ ಮನೆಗಳಿಂದ ಒಂದೇ ದೂರು ಕೇಳಿಬರುತ್ತದೆ: "ಸಾರ್, ನಮ್ಮ ಆಟೊಮ್ಯಾಟಿಕ್ ಕೋವಿ ಕೈ ಕೊಟ್ಟಿತು. ಒಂದು ಗುಂಡು ಹಾರಿತು, ಎರಡನೆಯ ತೋಟೆ ಏರಲೇ ಇಲ್ಲ."

ನಾನು ಕೋವಿ ರಿಪೇರಿ ಮಾಡುವವನಲ್ಲ. ಕೃಷಿ ಡಿಪ್ಲೊಮಾ ಓದಿ ಹಳ್ಳಿ ಹಳ್ಳಿ ಸುತ್ತುವವನು. ಆದರೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿಗೂ ಈ ಕೋವಿಗೂ ಒಂದು ಹೋಲಿಕೆ ಇದೆ. ಪಂಪು ನಿಂತಿತೆಂದರೆ ಹತ್ತರಲ್ಲಿ ಎಂಟು ಸಲ ಪಂಪು ಕೆಟ್ಟಿರುವುದಿಲ್ಲ, ಕಸ ಕಟ್ಟಿರುತ್ತದೆ. ಕೋವಿಯ ಕಥೆಯೂ ಹೆಚ್ಚುಕಡಿಮೆ ಅದೇ. ಒಂದು ವ್ಯತ್ಯಾಸ ಮಾತ್ರ ಉಂಟು. ಪಂಪಿನೊಡನೆ ಆತುರಪಟ್ಟರೆ ಮೈಮೇಲೆ ಸುಣ್ಣದ ನೀರು ಬೀಳುತ್ತದೆ. ಕೋವಿಯೊಡನೆ ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಸಂಗತಿಯೊಂದನ್ನು ಹೇಳುತ್ತೇನೆ.

ಒಂದು ಊರಿನ ಹಬ್ಬದ ಪಂದ್ಯ. ಒಬ್ಬ ತರುಣ ಅಜ್ಜನ ಕಾಲದ ಐದು ತೋಟೆಯ ಕೋವಿ ತಂದಿದ್ದ. ತೋಟೆಗಳೂ ಹಳೆಯವು, ಅಟ್ಟದ ಮೇಲೆ ಎಷ್ಟು ಮಳೆಗಾಲ ಕಳೆದಿದ್ದವೋ ಏನೋ. ಗುರಿ ಹಿಡಿದು ಟ್ರಿಗರ್ ಎಳೆದ. "ಢಂ" ಎನ್ನಬೇಕಾದದ್ದು "ಟುಸ್" ಎಂದಿತು. ಕಾಯಿ ಅಲ್ಲಾಡಲಿಲ್ಲ. ಖಾಲಿ ತೋಟೆ ಹೊರಗೆ ಬೀಳಲಿಲ್ಲ, ಮುಂದಿನದು ಏರಲಿಲ್ಲ. ಸುತ್ತ ನಿಂತವರು ನಕ್ಕರು. "ಎಳೆದು ಹಾಕು, ಇನ್ನೊಂದು ಹೊಡಿ, ಬೇಗ" ಎಂದರು. ಅವನು ಬೋಲ್ಟನ್ನು ಕೈಯಿಂದ ಎಳೆದು ಸುಟ್ಟ ತೋಟೆಯನ್ನು ಉದುರಿಸಿದ, ಹೊಸದು ಗೂಡಿಗೆ ಏರಿತು. ಕೋವಿ ಎತ್ತಿ ಹೆಗಲಿಗಿಟ್ಟ. ಅಷ್ಟರಲ್ಲಿ ಹಿಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬರು, ಹಿಂದೆ ತಾವೇ ಈ ಪಂದ್ಯದಲ್ಲಿ ಗುಂಡು ಹೊಡೆದವರು, ಗಟ್ಟಿಯಾಗಿ ಕೂಗಿದರು: "ನಿಲ್ಲು ಮಗಾ, ಸದ್ದು ಸಣ್ಣದಾಯ್ತು. ನಳಿಗೆ ನೋಡದೆ ಹೊಡೀಬೇಡ."

ಅವನು ನಿಂತ. ಕೋವಿ ಖಾಲಿ ಮಾಡಿ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದರು. ಬೆಳಕು ಕಾಣಲಿಲ್ಲ. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ ನಳಿಗೆಯ ಅರ್ಧದಲ್ಲಿ ಸಿಕ್ಕಿಕೊಂಡು ಕೂತಿತ್ತು. ಅದರ ಹಿಂದಿನಿಂದ ಎರಡನೆಯ ಗುಂಡು ಹೊಡೆದಿದ್ದರೆ ನಳಿಗೆ ಅಲ್ಲೇ ಸಿಡಿಯುತ್ತಿತ್ತು. ಆ ಜಾಗದ ಹತ್ತಿರವೇ ಅವನ ಎಡಗೈ ಇತ್ತು.

ಆದ್ದರಿಂದ ಮೊದಲ ಮಾತು ಇದು. "ತೋಟೆ ಏರಲಿಲ್ಲ" ಎಂಬುದು ಬರಿಯ ರಿಪೇರಿಯ ಪ್ರಶ್ನೆಯಲ್ಲ. ಕೋವಿ ನಿಮಗೆ ಏನನ್ನೋ ಹೇಳುತ್ತಿದೆ. ಅದು ಏನೆಂದು ತಿಳಿಯದೆ ಮುಂದಿನ ಗುಂಡು ಹೊಡೆಯಬಾರದು.

ಮುಟ್ಟುವ ಮೊದಲು

ಕೋವಿ ಸಿಕ್ಕಿಕೊಂಡ ಕೂಡಲೇ ಬಾಯಿಯನ್ನು ಜನರಿಲ್ಲದ ಕಡೆಗೆ, ಮೆತ್ತನೆಯ ಮಣ್ಣಿನ ದಿಬ್ಬದ ಕಡೆಗೆ ಹಿಡಿಯಿರಿ. ಬೆರಳನ್ನು ಟ್ರಿಗರಿನಿಂದ ಹೊರಗೆ ತೆಗೆಯಿರಿ. ಸೇಫ್ಟಿ ಗುಂಡಿ ಹಾಕಿರಿ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದೆ ಹಾಗೆಯೇ ಹಿಡಿದು ನಿಲ್ಲಿರಿ. ತೇವ ತಗಲಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಕೂಡಲೇ ಬೋಲ್ಟು ತೆರೆದರೆ ಮುಖದೆದುರಿಗೇ ಸಿಡಿದೀತು.

ಆಮೇಲೆ ಖಾಲಿ ಮಾಡಿರಿ. ಇಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ನಳಿಗೆಯ ಬುಡದ ಗೂಡಿನಲ್ಲಿ ತೋಟೆ ಇಲ್ಲ ಎಂದರೆ ಕೋವಿ ಖಾಲಿ ಎಂದು ಅರ್ಥವಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಇನ್ನೂ ನಾಲ್ಕು ತೋಟೆ ಕಾದು ಕೂತಿರಬಹುದು. ಎಲ್ಲವನ್ನೂ ತೆಗೆದು ಎಣಿಸಿರಿ. ಐದು ತುಂಬಿ ಒಂದು ಹಾರಿಸಿದ್ದರೆ ನಾಲ್ಕು ನಿಮ್ಮ ಕೈಗೆ ಬರಬೇಕು. ಲೆಕ್ಕ ತಪ್ಪಿದರೆ ಹುಡುಕಿರಿ. ಕೊನೆಗೆ ಬೋಲ್ಟಿನ ಹಿಡಿಯನ್ನು ಒಂದು ಕೈಯಲ್ಲಿ ಹಿಂದಕ್ಕೆ ಎಳೆದು ಹಿಡಿದು, ಗೂಡನ್ನೂ ಕೊಳವೆಯ ಬಾಯನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿರಿ. ಹಿಡಿ ಬಿಟ್ಟು ಬೆರಳು ಹಾಕಬೇಡಿರಿ. ಆ ಬೋಲ್ಟು ಮುಂದಕ್ಕೆ ಹೊಡೆದರೆ ಉಗುರು ಉಳಿಯುವುದಿಲ್ಲ.

ಸಿಕ್ಕಿಕೊಂಡ ತೋಟೆಯನ್ನು ಚಾಕುವಿನಿಂದಾಗಲಿ, ಸ್ಕ್ರೂಡ್ರೈವರಿನಿಂದಾಗಲಿ ಮೀಟಬಾರದು. ಅದರ ಬುಡದ ನಡುವೆ ಇರುವ ಕೇಪಿಗೆ ಚೂಪು ತಗಲಿದರೆ ಅದು ಅಲ್ಲೇ ಹಾರುತ್ತದೆ. ಕೈಯಿಂದ ಸುಲಭವಾಗಿ ಬಾರದಿದ್ದರೆ ಬಿಟ್ಟುಬಿಡಿರಿ, ಬಲ್ಲವರನ್ನು ಕರೆಯಿರಿ.

ಕೋವಿ ತಾನೇ ತುಂಬಿಕೊಳ್ಳುವುದು ಹೇಗೆ?

ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಎಲ್ಲಿ ನಿಂತಿತೆಂದು ತಾನೇ ತಿಳಿಯುತ್ತದೆ. ಹಳೆಯ ಮಾದರಿಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ಜಾನ್ ಬ್ರೌನಿಂಗ್ ಎಂಬವರು 1900ರಲ್ಲಿ ಪೇಟೆಂಟು ಪಡೆದು, ಆಮೇಲೆ ಬೆಲ್ಜಿಯಂನಲ್ಲಿ ಬಹಳ ಕಾಲ ತಯಾರಾದ ಕೋವಿ ಅದು. ಹಿಂಭಾಗ ಡುಬ್ಬದ ಹಾಗೆ ಚೌಕವಾಗಿರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ.

ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವೇ ಇದರ ಎತ್ತು. ಒದೆತಕ್ಕೆ ನಳಿಗೆಯೂ ಬೋಲ್ಟೂ ಕೂಡಿಕೊಂಡು ಹಿಂದಕ್ಕೆ ಸರಿಯುತ್ತವೆ. ಕೊಳವೆಯ ಸುತ್ತ ಇರುವ ದೊಡ್ಡ ಸ್ಪ್ರಿಂಗು ನಳಿಗೆಯನ್ನು ಮೊದಲು ಮುಂದಕ್ಕೆ ತಳ್ಳುತ್ತದೆ. ಬೋಲ್ಟಿನ ಕೊಕ್ಕೆ ಖಾಲಿ ತೋಟೆಯನ್ನು ಹಿಡಿದುಕೊಂಡು ಹಿಂದೆಯೇ ಉಳಿಯುವುದರಿಂದ ಖಾಲಿ ತೋಟೆ ಹೊರಗೆ ಹಾರುತ್ತದೆ. ಆಗ ಕೊಳವೆಯಿಂದ ಹೊಸ ತೋಟೆಯೊಂದು ಹಿಂದಕ್ಕೆ ಜಾರುತ್ತದೆ. ಕೆಳಗಿನ ತಟ್ಟೆ ಅದನ್ನು ಮೇಲಕ್ಕೆ ಎತ್ತುತ್ತದೆ. ಕುಂದದೊಳಗೆ ಇರುವ ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ನೂಕಿ ತೋಟೆಯನ್ನು ಗೂಡಿನೊಳಗೆ ಕೂರಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ.

ಹೊಸ ಕಾಲದ ಹಲವು ಕೋವಿಗಳಲ್ಲಿ ನಳಿಗೆ ಸರಿಯುವುದಿಲ್ಲ. ನಳಿಗೆಯಲ್ಲಿರುವ ಸಣ್ಣ ತೂತುಗಳಿಂದ ಮದ್ದಿನ ಹೊಗೆ ಇಳಿದು ಒಂದು ಪಿಸ್ಟನ್ನನ್ನು ತಳ್ಳುತ್ತದೆ. ಉಳಿದ ಕೆಲಸವೆಲ್ಲ ಒಂದೇ ಬಗೆ.

ನೋಡಿದಿರಾ? ತೋಟೆ ಕೊಳವೆಯಿಂದ ಹೊರಡಬೇಕು, ತಟ್ಟೆಗೆ ಏರಬೇಕು, ಗೂಡಿಗೆ ಸೇರಬೇಕು, ಸುಟ್ಟ ಮೇಲೆ ಹೊರಬೀಳಬೇಕು. ನಾಲ್ಕು ಮೆಟ್ಟಿಲು. ಯಾವ ಮೆಟ್ಟಿಲಲ್ಲಿ ನಿಂತಿತೆಂದು ನೋಡಿರಿ.

ತೋಟೆ ಕೊಳವೆಯಿಂದ ಹೊರಡುವುದೇ ಇಲ್ಲ

ಈ ಹಳೆಯ ಬೆಲ್ಜಿಯಂ ಕೋವಿಯ ಎಡಮಗ್ಗುಲಲ್ಲಿ ಒಂದು ಸಣ್ಣ ಕೀಲಿ ಉಂಟು. ಅದನ್ನು ತಿರುಗಿಸಿದರೆ ಕೊಳವೆಯ ತೋಟೆಗಳು ಒಳಗೇ ತಡೆದು ನಿಲ್ಲುತ್ತವೆ. ಬೇರೆ ತೋಟೆಯೊಂದನ್ನು ಕೈಯಿಂದ ಗೂಡಿಗೆ ಹಾಕಬೇಕಾದಾಗ ಉಪಯೋಗಕ್ಕೆ ಎಂದು ಮಾಡಿದ್ದು. ಒರೆಸುವಾಗ ಅದು ತಿರುಗಿಕೊಂಡಿರುತ್ತದೆ. ಮನೆಯವರು ಕೋವಿ ಕೆಟ್ಟಿತೆಂದು ಪೇಟೆಗೆ ಹೊತ್ತೊಯ್ಯುತ್ತಾರೆ. ಮೊದಲು ಆ ಕೀಲಿ ನೋಡಿರಿ. ಅದು ಹಾಕಿರುವಾಗ ಕೊಳವೆಯಲ್ಲಿ ತೋಟೆ ಅಡಗಿರುತ್ತದೆ ಎಂಬುದನ್ನೂ ಮರೆಯಬೇಡಿರಿ.

ಕೀಲಿ ಸರಿ ಇದ್ದರೆ ಮುಂದಿನ ಅನುಮಾನ ತುಕ್ಕಿನ ಮೇಲೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಗೋಡೆಗೇ ಬೂಸ್ಟು ಹಿಡಿಯುವಾಗ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಸಹಜವೇ. ಕೊಳವೆಯ ಒಳಗೋಡೆಗೆ ತುಕ್ಕು ಬಂದರೆ ಸ್ಪ್ರಿಂಗಿನ ಬಲವೆಲ್ಲ ತೋಟೆಯನ್ನು ತಳ್ಳುವ ಬದಲು ತುಕ್ಕಿನೊಡನೆ ಗುದ್ದಾಡುವುದರಲ್ಲಿ ಮುಗಿಯುತ್ತದೆ. ಇಡೀ ವರ್ಷ ತೋಟೆ ತುಂಬಿಯೇ ಇಟ್ಟರೆ ಸ್ಪ್ರಿಂಗು ಸೋಲುವುದೂ ಉಂಟು. ತುಂಬಿದ ಕೋವಿಯನ್ನು ಮನೆಯಲ್ಲಿಡುವುದು ಹೇಗೂ ಆಗದ ಮಾತು. ಕೊಳವೆಗೆ ಎಲ್ಲಿಯಾದರೂ ತಗ್ಗು ಬಿದ್ದಿದೆಯೇ ಎಂದು ಕೈಯಾಡಿಸಿ ನೋಡಿರಿ. ತಗ್ಗು ಇದ್ದರೆ ಅದು ರಿಪೇರಿಯವರ ಕೆಲಸ.

ತಟ್ಟೆಗೆ ಬಂತು, ಗೂಡಿಗೆ ಸೇರಲಿಲ್ಲ

ಇಲ್ಲಿ ಕೋವಿಗಿಂತ ತೋಟೆಯ ತಪ್ಪೇ ಹೆಚ್ಚು. ತೇವ ಕುಡಿದ ಕಾಗದದ ತೋಟೆ ಹಲಸಿನ ಬೀಜದ ಹಾಗೆ ಉಬ್ಬುತ್ತದೆ. ಪ್ಲಾಸ್ಟಿಕ್ಕಿನದು ಉಬ್ಬದಿದ್ದರೂ ಅದರ ಹಿತ್ತಾಳೆ ಬುಡಕ್ಕೆ ಕಿಲುಬು ಹಿಡಿಯುತ್ತದೆ. ಮಡಿಸಿದ ಬಾಯಿ ಬಿಚ್ಚಿಕೊಂಡ ತೋಟೆ ಗೂಡಿನ ಅಂಚಿಗೆ ತಗಲಿ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಕೋವಿ ಪೂರ್ತಿ ಖಾಲಿಯಾದ ಮೇಲೆ ನಳಿಗೆಯನ್ನು ಬಿಚ್ಚಿ ಬೇರೆ ಮಾಡಿರಿ. ಬರಿಯ ನಳಿಗೆಯ ಗೂಡಿಗೆ ಒಂದೊಂದೇ ತೋಟೆಯನ್ನು ಬಿಡಿರಿ. ಒಳ್ಳೆಯ ತೋಟೆ ತನ್ನ ಭಾರಕ್ಕೆ ತಾನೇ ಇಳಿದು ಕೂರುತ್ತದೆ, ನಳಿಗೆ ತಲೆಕೆಳಗೆ ಮಾಡಿದರೆ ತಾನೇ ಜಾರಿ ಬರುತ್ತದೆ. ಒತ್ತಬೇಕಾದ ತೋಟೆಯನ್ನು ಬದಿಗಿಡಿರಿ. ಎಲ್ಲ ತೋಟೆಯೂ ಸಿಕ್ಕಿಕೊಂಡರೆ ತಪ್ಪು ಗೂಡಿನದು. ಒಳಗೆ ತುಕ್ಕೋ, ಸುಟ್ಟ ಪ್ಲಾಸ್ಟಿಕ್ಕಿನ ಪದರವೋ ಇರುತ್ತದೆ. ಗಜಕ್ಕೆ ಹತ್ತಿ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿರಿ. ಮರಳು ಕಾಗದ ಹಾಕಿ ಉಜ್ಜಬೇಡಿರಿ.

ಇನ್ನೊಂದು ಮುಖ್ಯ ಮಾತು. 12 ನಂಬರಿನ ತೋಟೆಗಳೆಲ್ಲ ಒಂದೇ ಉದ್ದವಲ್ಲ. 65 ಮಿಲಿಮೀಟರಿನದು ಉಂಟು, 70ರದ್ದು ಉಂಟು. ಈ ಅಳತೆ ಹೊಸ ತೋಟೆಯದಲ್ಲ, ಸುಟ್ಟು ಬಾಯಿ ಬಿಚ್ಚಿಕೊಂಡ ತೋಟೆಯದು. ಆದ್ದರಿಂದ 65ರ ಗೂಡಿಗೆ 70ರ ತೋಟೆ ಸಲೀಸಾಗಿ ಹೋಗಿ ಕೂತೀತು. "ಹಿಡಿಯಿತಲ್ಲ, ಹೊಡೆಯೋಣ" ಎನ್ನುತ್ತೀರಿ. ಸುಟ್ಟಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ, ಖಾಲಿ ತೋಟೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗೂಡಿನ ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಬುಡದಲ್ಲಿ ಕೊರೆದಿರುತ್ತಾರೆ. ಅದನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋಗಿರಿ. ಎಲ್ಲಿಯೂ ಕಾಣದಿದ್ದರೆ ರಿಪೇರಿಯವರಿಂದ ಅಳೆಸಿದ ಮೇಲೆಯೇ ತೋಟೆ ಕೊಳ್ಳಿರಿ.

ತೋಟೆ ಒಳ್ಳೆಯದು, ಗೂಡು ಶುದ್ಧ, ಆದರೂ ಬೋಲ್ಟು ಪೂರ್ತಿ ಮುಚ್ಚುತ್ತಿಲ್ಲವೇ? ಕುಂದದೊಳಗಿನ ಸ್ಪ್ರಿಂಗಿಗೆ ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿರಬಹುದು. ಕೊಬ್ಬರಿ ಎಣ್ಣೆ ಹಾಕುವ ಮನೆಗಳಲ್ಲಿ ಇದು ಖಂಡಿತ. ಚಳಿಗೆ ಅದು ಹೆಪ್ಪುಗಟ್ಟುತ್ತದೆ, ವರ್ಷ ಕಳೆದರೆ ಅಂಟಾಗುತ್ತದೆ. ಬೋಲ್ಟು ಪೂರ್ತಿ ಮುಚ್ಚದ ಕೋವಿಯಿಂದ ಹೊಡೆಯಲು ಹೋಗಬಾರದು, ಅಂಗೈಯಿಂದ ಗುದ್ದಿ ಮುಚ್ಚಲೂ ಬಾರದು.

ಸುಟ್ಟ ತೋಟೆ ಹೊರಗೆ ಬೀಳಲಿಲ್ಲ

ಖಾಲಿ ತೋಟೆ ಅರ್ಧ ಬಂದು ಬಾಗಿಲಲ್ಲಿ ಸಿಕ್ಕಿಕೊಂಡರೆ, ಇಲ್ಲವೇ ಒಳಗೇ ಉಳಿದರೆ, ಮೊದಲ ಪ್ರಶ್ನೆ: ಸದ್ದು ಹೇಗಿತ್ತು? ಸದ್ದು ಸಣ್ಣದಾಗಿದ್ದರೆ ನಾನು ಮೊದಲು ಹೇಳಿದ ಕಥೆಯೇ. ಮದ್ದು ಅರೆಬರೆ ಸುಟ್ಟಿದೆ, ಒದೆತ ಸಾಲಲಿಲ್ಲ, ಅದಕ್ಕೇ ಕೋವಿ ನಿಂತಿತು. ಬಿಲ್ಲೆ ನಳಿಗೆಯಲ್ಲಿ ಉಳಿದಿರಬಹುದು. ಖಾಲಿ ಮಾಡಿ, ನಳಿಗೆ ಬಿಚ್ಚಿ, ಬೆಳಕು ಕಂಡರೆ ಮಾತ್ರ ಮುಂದಿನ ಮಾತು. ಉಳಿದ ತೋಟೆಗಳೂ ಆ ಪೆಟ್ಟಿಗೆಯವೇ ಆದರೆ ಅವನ್ನೂ ಹೊಡೆಯಬೇಡಿರಿ.

ಸದ್ದು ಸರಿಯಾಗಿಯೇ ಇತ್ತು, ನಳಿಗೆಯೂ ತೆರೆದಿದೆ ಎಂದರೆ ಉಂಗುರ ನೋಡಿರಿ. ಹಳೆಯ ಬೆಲ್ಜಿಯಂ ಕೋವಿಯ ಕೊಳವೆಯ ಮೇಲೆ ದೊಡ್ಡ ಸ್ಪ್ರಿಂಗಿನ ಜೊತೆಗೆ ಒಂದು ಕಂಚಿನ ಬಿಗಿ ತುಂಡು, ಒಂದು ಉಕ್ಕಿನ ಉಂಗುರ ಇರುತ್ತವೆ. ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಚಕ್ರಕ್ಕೆ ಕಟ್ಟೆ ಕೊಡುವ ಹಾಗೆ ಇವು ಒದೆತವನ್ನು ತಡೆಯುತ್ತವೆ. ಬಲವಾದ ತೋಟೆಗೆ ಉಕ್ಕಿನ ಉಂಗುರ ಸ್ಪ್ರಿಂಗಿನ ಮುಂದೆ, ಕಂಚಿನ ತುಂಡಿಗೆ ತಾಗಿ ಇರಬೇಕು. ಹಗುರ ತೋಟೆಗೆ ಅದನ್ನು ಸ್ಪ್ರಿಂಗಿನ ಹಿಂದೆ ಇಟ್ಟು ಕೆಲಸದಿಂದ ಬಿಡಿಸಬೇಕು. ಬಲವಾದ ತೋಟೆಗೆಂದು ಕಟ್ಟಿದ ಕೋವಿಗೆ ಹಗುರ ತೋಟೆ ಹಾಕಿದರೆ ತಡೆಯೇ ಹೆಚ್ಚಾಗಿ ನಳಿಗೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ತೋಟೆ ಸಿಕ್ಕಿಕೊಳ್ಳುತ್ತದೆ. ಹಗುರಕ್ಕೆಂದು ಇಟ್ಟ ಕೋವಿಗೆ ಬಲವಾದ ತೋಟೆ ಹಾಕಿದರೆ ಹೆಗಲು ನೊಂದು ಮುಂಗೈ ಹಿಡಿಯ ಮರವೂ ಸೀಳೀತು. ಬಿಚ್ಚುವ ಮೊದಲು ಯಾವುದು ಎಲ್ಲಿತ್ತೆಂದು ಕಾಗದದ ಮೇಲೆ ಗೀಚಿಟ್ಟುಕೊಳ್ಳಿರಿ. ಕೊಳವೆಯ ಹೊರಮೈಗೆ ತೆಳುವಾದ ಎಣ್ಣೆಯ ಪಸೆ ಸಾಕು. ಒಣಗಿದ್ದರೆ ತಡೆ ಹೆಚ್ಚಾಗುತ್ತದೆ, ಎಣ್ಣೆ ಸುರಿದರೆ ತಡೆಯೇ ಇಲ್ಲವಾಗುತ್ತದೆ.

ಹೊಗೆಯಿಂದ ನಡೆಯುವ ಹೊಸ ಕೋವಿಗಳಲ್ಲಿ ಉಂಗುರದ ಬದಲು ಆ ಸಣ್ಣ ತೂತುಗಳನ್ನೂ ಪಿಸ್ಟನ್ನನ್ನೂ ನೋಡಬೇಕು. ಮಸಿ ಕಟ್ಟಿದರೆ ಬಲ ಸಾಲದು. ಪಿಸ್ಟನ್ ತಿರುಗುಮುರುಗು ಕೂತಿದ್ದರೂ ಅಷ್ಟೇ. ಎರಡು ಬಗೆಯ ಕೋವಿಯಲ್ಲಿಯೂ ಬೋಲ್ಟಿನ ಕೊಕ್ಕೆ ಸವೆದಿದ್ದರೆ ತೋಟೆಯ ಅಂಚು ಅದರ ಹಿಡಿತಕ್ಕೆ ಸಿಗುವುದಿಲ್ಲ. ಗುಂಡು ಹೊಡೆಯುವವರು ಕೋವಿಯನ್ನು ಹೆಗಲಿಗೆ ಗಟ್ಟಿಯಾಗಿ ಆನಿಸದೆ ಸಡಿಲ ಹಿಡಿದರೂ ಒದೆತ ಪೋಲಾಗುತ್ತದೆ.

ಒಮ್ಮೆಗೇ ಎರಡು ತೋಟೆ ಬಂದು ಜಗಳವಾಡಿದರೆ, ಕೊಳವೆಯ ಬಾಯಲ್ಲಿ ಒಂದೊಂದನ್ನೇ ಬಿಡುವ ತಡೆ ನಾಲಿಗೆ ಸವೆದಿದೆ ಎಂದು ತಿಳಿಯಿರಿ. ಅದನ್ನು ಅರ ಹಾಕಿ ಉಜ್ಜಬೇಡಿರಿ, ಬಾಗಿಸಬೇಡಿರಿ.

ಯಾವ ಕೆಲಸ ಮನೆಯದು, ಯಾವುದು ರಿಪೇರಿಯವರದು?

ಒರೆಸುವುದು, ತುಕ್ಕು ತೆಗೆಯುವುದು, ಎಣ್ಣೆ ಪಸೆ ಹಚ್ಚುವುದು, ಉಂಗುರ ಸರಿಯಾಗಿ ಇಡುವುದು, ತೋಟೆ ಆರಿಸುವುದು, ಇವು ಮನೆಯ ಕೆಲಸ. ಸ್ಪ್ರಿಂಗು, ಕೊಕ್ಕೆ, ನಾಲಿಗೆ, ನಳಿಗೆ, ಇವು ಲೈಸೆನ್ಸು ಇರುವ ಕೋವಿ ರಿಪೇರಿಯವರ ಕೆಲಸ. ಊರ ಕಮ್ಮಾರ ನೇಗಿಲ ಗುಳ ತಟ್ಟುವುದರಲ್ಲಿ ಎಷ್ಟೇ ಜಾಣನಿರಲಿ, ಅವನ ಕೈಗೆ ಕೋವಿ ಕೊಡಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಇಲ್ಲದೆ ಕೋವಿ ರಿಪೇರಿ ವೃತ್ತಿ ಮಾಡುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಯಾರ ಕೈಯಲ್ಲಾದರೂ ಬಿಚ್ಚಿಸುವುದಕ್ಕಲ್ಲ. ಬೆಳೆಗೆ ಹಂದಿ ಬಂತೆಂದು ಗುಂಡು ಹಾರಿಸುವ ಮಾತಿದ್ದರೆ 1972ರ ವನ್ಯಜೀವಿ ಕಾಯ್ದೆ ಉಂಟು. ಮೊದಲು ಅರಣ್ಯ ಇಲಾಖೆಯವರನ್ನು ಕಂಡು ಲಿಖಿತ ಅನುಮತಿ ಕೇಳಿರಿ.

ತಾಯಂದಿರಿಗೆ ಒಂದು ಮಾತು

ಕೋವಿ ಗಂಡಸರ ವಿಷಯ ಎಂದು ನೀವು ದೂರ ನಿಲ್ಲಬೇಡಿರಿ. ತೋಟೆ ಎಲ್ಲಿಡಬೇಕೆಂದು ಮನೆಯಲ್ಲಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಪ್ಪಳ ಸಂಡಿಗೆ ಮೆತ್ತಗಾಗದ ಹಾಗೆ ಇಡುವವರು ನೀವು. ತೋಟೆಗೂ ಅದೇ ಉಪಚಾರ. ಬಿಗಿ ಮುಚ್ಚಳದ ಡಬ್ಬ, ಒಣ ಜಾಗ. ಒಲೆಯ ಮೇಲಿನ ಅಟ್ಟ ಬೇಡ, ಕಾವಿಗೆ ಮದ್ದು ಕೆಡುತ್ತದೆ. ತೋಟೆಗೆ ಎಣ್ಣೆ ಹಚ್ಚಬಾರದು, ಅದು ಕೇಪಿನೊಳಗೆ ಇಳಿದು ಮದ್ದನ್ನು ಕೆಡಿಸುತ್ತದೆ. ತಂದ ವರ್ಷವನ್ನು ಡಬ್ಬದ ಮೇಲೆ ಬರೆದಿಡಿರಿ. ಉಬ್ಬಿದ್ದು, ಕಿಲುಬು ಹಿಡಿದದ್ದು ಕಂಡರೆ ಬೆಂಕಿಗೂ ಹಾಕಬೇಡಿರಿ, ಬಾವಿಗೂ ಹಾಕಬೇಡಿರಿ. ಬೇರೆ ಕಟ್ಟಿಟ್ಟು, ಏನು ಮಾಡಬೇಕೆಂದು ಲೈಸೆನ್ಸುದಾರ ಅಂಗಡಿಯವರನ್ನಾಗಲಿ ಪೊಲೀಸ್ ಠಾಣೆಯವರನ್ನಾಗಲಿ ಕೇಳಿರಿ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ.

ಕೋವಿಯನ್ನು ಚರ್ಮದ ಚೀಲದಲ್ಲಿ ಮುಚ್ಚಿ ಮಳೆಗಾಲ ಕಳೆಯಬಾರದು, ಚರ್ಮ ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತದೆ. ತಿಂಗಳಿಗೊಮ್ಮೆ ಹೊರಗೆ ತೆಗೆದು ಒರೆಸಿರಿ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ವಾಪಸು ತಂದ ಕೋವಿಯನ್ನೂ ಮನೆಗೆ ಬಂದ ದಿನವೇ ಬಿಚ್ಚಿ ನೋಡಿರಿ.

ರೈತ ಬಾಂಧವರೇ, "ಆತುರಗಾರನಿಗೆ ಬುದ್ಧಿ ಮಟ್ಟ" ಎಂಬ ಗಾದೆ ನಿಮಗೆ ಗೊತ್ತೇ ಇದೆ. ಆ ದಿನ ಮಂದಿನಲ್ಲಿ ಎಷ್ಟೋ ಜನ ನಿಂತಿದ್ದರು. ಕೋವಿ ಕೆಟ್ಟಿತೆಂದು ಎಲ್ಲರೂ ಕಂಡರು. ಸದ್ದು ಸಣ್ಣದಾಯಿತೆಂದು ಕೇಳಿಸಿಕೊಂಡವರು ಒಬ್ಬರೇ. ಆ ತರುಣ ಈಗ ತನ್ನ ಎರಡು ಕೈಯಿಂದಲೂ ಕಾಫಿ ಕುಯ್ಯುತ್ತಾನೆ. ಈ ಹಬ್ಬಕ್ಕೆ ಕೋವಿ ಇಳಿಸುವಾಗ ನಿಮ್ಮ ಮನೆಯಲ್ಲಿಯೂ ಹಾಗೆ ಕೇಳಿಸಿಕೊಳ್ಳುವವರು ಒಬ್ಬರಾದರೂ ಇರಲಿ. ಅವರು "ನಿಲ್ಲು" ಎಂದರೆ ನಿಲ್ಲಿರಿ.